ತುಟಿ ಎತ್ತಿ ನೋಡಿದ್ದೀರಾ?

ನಾಯಿ, ಬೆಕ್ಕುಗಳ ಹಲ್ಲಿನ ಬಗ್ಗೆ ಏನೇ ಇದ್ದರೂ ಕೇಳಿ ಅಂತ ಹೋದ ಸಲ ಬರೆದಿದ್ದೆ. ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಕ್ಲಿನಿಕ್ಕಿನ ಬಾಗಿಲು ಹಾಕಿದ ಮೇಲೆ ಎರಡು ರಾತ್ರಿ ಕೂತು ಎಲ್ಲವನ್ನೂ ಓದಿದ್ದೇನೆ. ಒಂದೇ ತರಹದವನ್ನು ಸೇರಿಸಿ ಉತ್ತರಿಸುತ್ತಿದ್ದೇನೆ. ಹುಮನಾಬಾದಿನಿಂದ ಬಂದ ಒಂದಕ್ಕೆ ಮಾತ್ರ ಪತ್ರಿಕೆ ಅಚ್ಚಾಗುವ ತನಕ ಕಾಯಲಿಲ್ಲ. ಓದಿದ ಕೂಡಲೇ ಫೋನ್ ಮಾಡಿದೆ. ಅದನ್ನೇ ಮೊದಲು ಕೊಡುತ್ತೇನೆ.

ಪ್ರಶ್ನೆ: ನಮ್ಮ ಓಣಿಯ ನಾಯಿ ಎರಡು ದಿನದಿಂದ ಬಾಯಿ ತೆರೆದುಕೊಂಡೇ ಇದೆ. ಜೊಲ್ಲು ಸುರಿಯುತ್ತಿದೆ. ಕೂಗಿದರೆ ದನಿಯೇ ಬೇರೆ ಥರ ಬರುತ್ತಿದೆ. ಗಂಟಲಲ್ಲಿ ಎಲುಬು ಸಿಕ್ಕಿರಬೇಕು ಅಂತ ನನ್ನ ತಮ್ಮ ಬಾಯಿಗೆ ಕೈ ಹಾಕಿ ನೋಡಿದ. ಏನೂ ಸಿಗಲಿಲ್ಲ. ಹಲ್ಲು ನೋವಿರಬಹುದಾ? (ವಾಟ್ಸ್ಆ್ಯಪ್‌ನಲ್ಲಿ ಕೇಳಿದವರು, ಹುಮನಾಬಾದ್)

ಉತ್ತರ: ಇದನ್ನು ಹಲ್ಲುನೋವು ಅಂದುಕೊಳ್ಳಬೇಡಿ. ದವಡೆ ಜೋತುಬಿದ್ದು, ಜೊಲ್ಲು ಸುರಿದು, ದನಿ ಬದಲಾಗಿದ್ದರೆ ಮೊದಲು ರೇಬೀಸ್ ಅಂತಲೇ ಎಣಿಸಬೇಕು. ಹುಚ್ಚು ಹಿಡಿದ ನಾಯಿ ಅಂದರೆ ಎಲ್ಲರ ಮೇಲೂ ಬೀಳುತ್ತದೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಇನ್ನೊಂದು ಬಗೆ ಇದೆ. ಅದರಲ್ಲಿ ನಾಯಿ ಸುಮ್ಮನೆ ಮೂಲೆಯಲ್ಲಿ ಕೂತಿರುತ್ತದೆ. ದವಡೆ, ಗಂಟಲಿನ ಸ್ನಾಯುಗಳು ಸೋತಿರುತ್ತವೆ. ನೋಡಿದವರಿಗೆ ಪಾಪ, ಏನೋ ಸಿಕ್ಕಿದೆ ಅನ್ನಿಸುತ್ತದೆ. ಇನ್ನೊಂದು ಮಾತು. ನೀರು ಕಂಡರೆ ಹೆದರುವುದು ರೋಗ ಬಂದ ಮನುಷ್ಯರಲ್ಲಿ. ನಾಯಿ ನೀರಿಗೆ ಬಾಯಿ ಹಾಕುತ್ತದೆ, ನುಂಗಲು ಆಗುವುದಿಲ್ಲ ಅಷ್ಟೇ. ಹಾಗಾಗಿ ‘ನೀರು ಕುಡೀತಿದೆ, ಹುಚ್ಚು ಇರಲಿಕ್ಕಿಲ್ಲ’ ಅಂತ ಧೈರ್ಯ ತಂದುಕೊಳ್ಳಬಾರದು.

ನಾಯಿ ಕಚ್ಚಿಲ್ಲವಲ್ಲ ಮೇಡಂ, ಅಂದರು ಇವರು. ರೋಗ ಇರುವುದು ಜೊಲ್ಲಿನಲ್ಲಿ. ಕೈಯಲ್ಲಿ ಒಂದು ಸಣ್ಣ ಗೀರಿದ್ದರೂ ಸಾಕು. ಕೈ ಹಾಕಿದವರು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಅಲ್ಲಿಂದ ನೇರ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಹೇಳಿದ ದಿನಕ್ಕೆ ತಪ್ಪದೆ ಎಲ್ಲ ಡೋಸೂ ಮುಗಿಸಬೇಕು. ರೋಗದ ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ. ಇವರ ತಮ್ಮ ಅವತ್ತೇ ಸಂಜೆ ಲಸಿಕೆ ಹಾಕಿಸಿಕೊಂಡ. ನಾಯಿ ಮರುದಿನ ಸತ್ತಿತು.

ಇನ್ನು ಉಳಿದ ಪ್ರಶ್ನೆಗಳಿಗೆ ಬರೋಣ. ಅಪರಿಚಿತ ನಾಯಿಯ ಬಾಯಿಗೆ ಕೈ ಹಾಕಬೇಡಿ. ಆದರೆ ಮನೆಯಲ್ಲಿ ಬೆಳೆಸಿ, ಲಸಿಕೆ ಹಾಕಿಸಿದ ನಾಯಿಯ ಬಾಯಿ ನೋಡದೇ ಇರಬೇಡಿ.

ಪ್ರಶ್ನೆ: ನಮ್ಮ ಪಾಮರೇನಿಯನ್‌ಗೆ ಐದು ವರ್ಷ. ಬಾಯಿ ತುಂಬಾ ನಾರುತ್ತದೆ. ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತದೆ. ಮೆತ್ತಗಿನದು ತಿಂದು ಹೀಗಾಗಿದೆ, ಖಡಕ್ ರೊಟ್ಟಿ ಹಾಕಿ, ಎಲುಬು ಕಡಿಸಿ, ಹಲ್ಲು ತಾನೇ ಸ್ವಚ್ಛ ಆಗುತ್ತದೆ ಅಂತಾರೆ ಪಕ್ಕದ ಮನೆಯವರು. ನಮ್ಮ ಪೇಸ್ಟಿನಿಂದಲೇ ಉಜ್ಜಬಹುದಾ? (ಗೃಹಿಣಿ, ಕಲಬುರಗಿ)

ಉತ್ತರ: ಅಕ್ಕಾ, ನಾಯಿ ಅಂದಮೇಲೆ ಬಾಯಿ ನಾರುತ್ತದೆ ಅಂತ ಬಿಟ್ಟುಬಿಡುವವರೇ ಜಾಸ್ತಿ. ನೀವು ಕೇಳಿದ್ದು ಒಳ್ಳೆಯದಾಯಿತು. ಆರೋಗ್ಯವಾದ ನಾಯಿಯ ಬಾಯಿ ಅಷ್ಟು ನಾರುವುದಿಲ್ಲ. ನಾರುತ್ತಿದೆ ಅಂದರೆ ಒಸಡಿನ ಕೆಳಗೆ ಏನೋ ಕೊಳೆಯುತ್ತಿದೆ.

ಆಗುವುದು ಹೀಗೆ. ಊಟವಾದ ಕೆಲವು ಗಂಟೆಗಳಲ್ಲೇ ಹಲ್ಲಿನ ಮೇಲೆ ಜಿಗಟಾದ ಒಂದು ಪದರ ಕೂಡುತ್ತದೆ. ಅದು ಪೂರಾ ರೋಗಾಣುಗಳ ಗೂಡು. ಎರಡು ಮೂರು ದಿನ ಉಜ್ಜದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದಂಶ ಸೇರಿ ಅದು ಗಾರೆಯಾಗುತ್ತದೆ. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರ. ಅದಕ್ಕೇ ನಾಯಿಗೆ ನಮ್ಮಂತೆ ಹುಳುಕು ಹಲ್ಲು ಕಡಿಮೆ, ಗಾರೆ ಜಾಸ್ತಿ. ಗಾರೆ ಒಸಡನ್ನು ತಳ್ಳುತ್ತದೆ. ಒಸಡು ಕೆಂಪಾಗಿ ರಕ್ತ ಬರುತ್ತದೆ. ಆಮೇಲೆ ಹಲ್ಲನ್ನು ಹಿಡಿದ ಎಲುಬು ಸವೆಯುತ್ತದೆ. ನಿಮ್ಮ ಪಾಮರೇನಿಯನ್‌ನಂಥ ಸಣ್ಣ ತಳಿಗಳಿಗೆ ಇದು ಬೇಗ ಬರುತ್ತದೆ. ದೊಡ್ಡ ನಾಯಿಗೂ 42 ಹಲ್ಲು, ಇದಕ್ಕೂ 42. ಅಷ್ಟು ಪುಟ್ಟ ದವಡೆಯಲ್ಲಿ ಅವು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಸಂದಿಯಲ್ಲಿ ಸಿಕ್ಕಿದ್ದು ಹೊರಗೆ ಬರುವುದಿಲ್ಲ.

ಖಡಕ್ ರೊಟ್ಟಿ ನಮಗೆ ಪ್ರಾಣ. ಆದರೆ ನಾಯಿಯ ಹಲ್ಲನ್ನು ಅದು ತೊಳೆಯುವುದಿಲ್ಲ. ಹಲ್ಲು ತಾಗಿದ ಕೂಡಲೇ ಪುಡಿಯಾಗುತ್ತದೆ, ಆ ಪುಡಿ ಒಸಡಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ಪ್ಯಾಕೆಟ್ಟಿನ ಸಾಮಾನ್ಯ ಒಣ ಆಹಾರದ ಕಥೆಯೂ ಹೆಚ್ಚುಕಡಿಮೆ ಇದೇ. ಬೇಯಿಸಿದ ಎಲುಬಂತೂ ಬೇಡವೇ ಬೇಡ. ಸೀಳಿ ಚೂಪಾಗುತ್ತದೆ, ಹೊಟ್ಟೆಗೆ ಹೋದರೆ ಕರುಳು ಹರಿಯುತ್ತದೆ. ನಮ್ಮಲ್ಲಿ ಹಬ್ಬ, ಮದುವೆ ಆದ ಮರುದಿನ ಇಂಥ ನಾಯಿಗಳು ಬಂದೇ ಬರುತ್ತವೆ. ಉಂಗುರದಂತೆ ಕತ್ತರಿಸಿದ ನಳಿ ಎಲುಬು ಕೆಳದವಡೆಗೆ ಸಿಕ್ಕಿಕೊಂಡು ಗರಗಸ ತಂದು ಕೊಯ್ದದ್ದೂ ಇದೆ. ನಾಯಿಗೆ ಕಡಿಯಲು ಏನೇ ಕೊಡಿ, ಮೊದಲು ನಿಮ್ಮ ಉಗುರಿನಿಂದ ಒತ್ತಿ ನೋಡಿ. ಉಗುರಿಗೆ ಸ್ವಲ್ಪವೂ ಬಗ್ಗದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ. ಬೇಸಿಗೆಯಲ್ಲಿ ನಮ್ಮೂರ ಬಿಸಿಲು ನೋಡಿ ಪಾಪ ಅಂತ ಫ್ರಿಜ್ಜಿನ ಐಸ್ ಗಡ್ಡೆ ಹಾಕುತ್ತೀರಲ್ಲ, ಅದನ್ನೂ ಕಡಿಯಲು ಕೊಡಬೇಡಿ. ನೀರಿಗೆ ಹಾಕಿ ಕರಗಿಸಿ.

ನಮ್ಮ ಪೇಸ್ಟ್ ಬೇಡ. ನಾಯಿಗೆ ಉಗುಳಲು ಬರುವುದಿಲ್ಲ, ಎಲ್ಲವನ್ನೂ ನುಂಗುತ್ತದೆ. ಫ್ಲೋರೈಡು, ನೊರೆ ಬರಿಸುವ ಪದಾರ್ಥ ಎರಡೂ ಹೊಟ್ಟೆ ಕೆಡಿಸುತ್ತವೆ. ಕೆಲವು ಪೇಸ್ಟಿನಲ್ಲಿ ಸಿಹಿಗಾಗಿ ಝೈಲಿಟಾಲ್ ಹಾಕಿರುತ್ತಾರೆ. ಅದು ನಾಯಿಗೆ ವಿಷ. ರಕ್ತದ ಸಕ್ಕರೆ ದಿಢೀರ್ ಇಳಿದು ಫಿಟ್ಸ್ ಬರುತ್ತದೆ, ಲಿವರ್ ಹಾಳಾಗುತ್ತದೆ. ಹಲ್ಲುಪುಡಿ, ಉಪ್ಪು, ಇದ್ದಿಲು ಬೇಡ. ಹಳ್ಳಿಗಳಲ್ಲಿ ತಂಬಾಕಿನ ಪುಡಿ ಹಚ್ಚಿದವರನ್ನು ಕಂಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ನಾಯಿಗೆಂದೇ ಮಾಡಿದ ಕೋಳಿ ರುಚಿಯ ಪೇಸ್ಟ್ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತದೆ. ಅದೂ ಸಿಗದಿದ್ದರೆ ಬರೀ ನೀರಿನಲ್ಲಿ ಅದ್ದಿದ ಮೆತ್ತಗಿನ ಬ್ರಷ್ ಸಾಕು. ಕೆಲಸ ಮಾಡುವುದು ಬ್ರಷ್, ಪೇಸ್ಟ್ ಅಲ್ಲ.

ಆದರೆ ಈಗಲೇ ಉಜ್ಜಲು ಹೋಗಬೇಡಿ. ಒಸಡು ಬಾತಿದ್ದರೆ ನೋವಾಗುತ್ತದೆ. ಒಂದು ಸಲ ನೋವಾದರೆ ಮತ್ತೆ ಬ್ರಷ್ ಕಂಡರೆ ಮಂಚದ ಕೆಳಗೆ ಓಡುತ್ತದೆ. ಕಟ್ಟಿದ ಗಾರೆ ಬ್ರಷ್ಷಿಗೆ ಹೋಗುವುದೂ ಇಲ್ಲ. ಮೊದಲು ವೈದ್ಯರಲ್ಲಿ ಸ್ಕೇಲಿಂಗ್, ಅಂದರೆ ಗಾರೆ ಕೆರೆದು ತೆಗೆಯುವ ಕೆಲಸ ಮಾಡಿಸಿ. ಒಸಡು ವಾಸಿಯಾದ ಮೇಲೆ ಶುರು ಮಾಡಿ. ಮೊದಲ ವಾರ ಬರೀ ತುಟಿ ಎತ್ತಿ ಬಿಡಿ, ಬೆನ್ನು ಸವರಿ. ಎರಡನೇ ವಾರ ಬೆರಳಿಗೆ ಬಟ್ಟೆ ಸುತ್ತಿ ಸವರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕದ ಕೋಳಿ ಬೇಯಿಸಿದ ನೀರಿನಲ್ಲಿ ಬಟ್ಟೆ ಅದ್ದಿದರೆ ತಾನೇ ಬಾಯಿ ಕೊಡುತ್ತದೆ. ಆಮೇಲೆ ಮಕ್ಕಳ ಬ್ರಷ್. ಹಲ್ಲಿನ ಹೊರಮೈ ಉಜ್ಜಿದರೆ ಸಾಕು, ಬಾಯಿ ಅಗಲಿಸಬೇಕಿಲ್ಲ. ಒಂದೊಂದು ಕಡೆ ಅರ್ಧ ನಿಮಿಷ. ದಿನಾ ಮಾಡಬೇಕು. ಗಾರೆ ಎರಡು ಮೂರು ದಿನಕ್ಕೆ ಕಟ್ಟುತ್ತದೆ ಅಂದೆನಲ್ಲ, ಭಾನುವಾರಕ್ಕೊಮ್ಮೆ ಉಜ್ಜಿದರೆ ಏನು ಉಪಯೋಗ?

ಪ್ರಶ್ನೆ: ಹೊಲ ಕಾಯುವ ನಾಯಿ, ಎಂಟು ವರ್ಷದ್ದು. ಎಡಗಣ್ಣಿನ ಕೆಳಗೆ ಬಾವು ಬಂದು ಒಡೆಯಿತು. ಮುಳ್ಳು ಚುಚ್ಚಿದೆ ಅಂತ ಮುಲಾಮು ಹಚ್ಚಿದೆವು, ಇಂಜೆಕ್ಷನ್ ಕೊಡಿಸಿದೆವು. ಮಾಯುತ್ತದೆ, ತಿಂಗಳಿಗೆ ಮತ್ತೆ ಬರುತ್ತದೆ. ಮೂರನೇ ಸಲ ಇದು. ಊಟ ಮಾಡುತ್ತದೆ, ಹಾಗಾಗಿ ಹಲ್ಲಿನದಲ್ಲ ಅನ್ನಿಸುತ್ತದೆ. (ರೈತರು, ಶಹಾಪುರ)

ಉತ್ತರ: ಅಣ್ಣಾವ್ರೇ, ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ಕರಿಯ ನೆನಪಾದ.

ಆಗಿನ್ನೂ ಯಾದಗಿರಿ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಭೀಮಾ ನದಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕರಿಯ ಚಿಕಿತ್ಸಾಲಯದ ಕಟ್ಟೆಯ ಮೇಲೆ ಮಲಗುತ್ತಿದ್ದ ನಾಯಿ. ಆಮೇಲೆ ನನ್ನ ಮನೆಯ ನಾಯಿಯೇ ಆದ. ಅವನಿಗೂ ಹೀಗೇ ಕಣ್ಣಿನ ಕೆಳಗೆ ಬಾವು. ನಾನೇ ಕೀವು ತೆಗೆದೆ, ತೊಳೆದೆ, ಔಷಧಿ ಕೊಟ್ಟೆ. ಇಳಿಯಿತು. ಮತ್ತೆ ಬಂತು. ಮತ್ತೆ ಅದನ್ನೇ ಮಾಡಿದೆ. ನಾಲ್ಕು ತಿಂಗಳು ಹೀಗೇ ಹೋಯಿತು. ರಜೆಗೆ ಊರಿಗೆ ಬಂದಾಗ ನನಗೆ ಕಲಿಸಿದ ಮೇಷ್ಟ್ರೊಬ್ಬರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ತುಟಿ ಎತ್ತಿ ನೋಡಿದ್ದೀಯಾ? ನೋಡಿರಲಿಲ್ಲ. ವಾಪಸ್ ಹೋಗಿ ನೋಡಿದರೆ ಮೇಲಿನ ದೊಡ್ಡ ದವಡೆ ಹಲ್ಲು ಉದ್ದಕ್ಕೂ ಸೀಳಿತ್ತು. ಒಳಗಿನ ಕೆಂಪು ಕಾಣುತ್ತಿತ್ತು. ನಾಲ್ಕು ತಿಂಗಳು ಆ ಹಲ್ಲಿಟ್ಟುಕೊಂಡು ನಾನು ಹಾಕಿದ ರೊಟ್ಟಿ ತಿಂದಿದ್ದ, ನನ್ನ ಹಿಂದೆ ಬಾಲ ಅಲ್ಲಾಡಿಸಿಕೊಂಡು ಓಡಾಡಿದ್ದ. ಆ ನೋವನ್ನು ಅವನಿಗೆ ಉಳಿಸಿದ್ದು ನಾನು. ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ.

ನಾಯಿ ಊಟ ಮಾಡುತ್ತದೆ ಅಂದರೆ ನೋವಿಲ್ಲ ಅಂತಲ್ಲ. ಹಸಿವು ನೋವಿಗಿಂತ ದೊಡ್ಡದು. ಒಂದೇ ಕಡೆ ಅಗಿಯುತ್ತದಾ ನೋಡಿ. ಗಟ್ಟಿ ರೊಟ್ಟಿ ಕಚ್ಚಿ ಕೆಳಗೆ ಬೀಳಿಸುತ್ತದಾ, ನೋವಿರುವ ಕಡೆ ಗಾರೆ ಜಾಸ್ತಿ ಇದೆಯಾ ನೋಡಿ. ಬಳಸದ ಕಡೆ ಗಾರೆ ಬೇಗ ಕಟ್ಟುತ್ತದೆ.

ಮೇಲ್ದವಡೆಯ ಆ ದೊಡ್ಡ ಹಲ್ಲಿಗೆ ಮೂರು ಬೇರು. ಬೇರಿನ ತುದಿ ಸರಿಯಾಗಿ ಕಣ್ಣಿನ ಕೆಳಗೆ ಬರುತ್ತದೆ. ಎಲುಬು, ಕಲ್ಲು ಕಡಿದು ಹಲ್ಲು ಸೀಳಿದರೆ ಬೇರಿನ ತುದಿಗೆ ಕೀವಾಗುತ್ತದೆ. ಕೀವು ದಾರಿ ಹುಡುಕಿಕೊಂಡು ಕೆನ್ನೆಯಲ್ಲಿ ಒಡೆಯುತ್ತದೆ. ಇಂಜೆಕ್ಷನ್ನಿಗೆ ಬಾವು ಇಳಿಯುತ್ತದೆ, ಬೇರು ಅಲ್ಲೇ ಇರುತ್ತದೆ. ಹಲ್ಲು ತೆಗೆಸಬೇಕು. ಅದನ್ನು ಮೂರು ತುಂಡು ಮಾಡಿ ಒಂದೊಂದೇ ಬೇರು ಬಿಡಿಸಿ ತೆಗೆಯಬೇಕು, ಪೂರ್ತಿ ಅರಿವಳಿಕೆ ಕೊಟ್ಟೇ ಆಗಬೇಕು. ಎಕ್ಸ್‌ರೇ ಇರುವ ಕಡೆ ಹೋಗಿ. ನಿಮ್ಮ ಹತ್ತಿರ ಅನುಕೂಲ ಇಲ್ಲದಿದ್ದರೆ ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ. ದೂರ ಹೌದು. ಆದರೆ ಒಂದೇ ಸಲಕ್ಕೆ ಮುಗಿಯುತ್ತದೆ. ಕರಿಯನ ಹಲ್ಲು ತೆಗೆದ ಮೂರನೇ ದಿನ ಅವನು ಮರಿಯ ಹಾಗೆ ಕುಣಿದ. ಅವನು ಕುಣಿಯುವುದು ನಿಲ್ಲಿಸಿದ್ದನ್ನೇ ನಾನು ಗಮನಿಸಿರಲಿಲ್ಲ.

ನೀವು ರೈತರು. ಸಂತೆಯಲ್ಲಿ ದೇವಣಿ ಹೋರಿ ಕೊಳ್ಳುವಾಗ ಬಾಯಿ ಬಿಡಿಸಿ ನೋಡದೆ ದುಡ್ಡು ಎಣಿಸುತ್ತೀರಾ? ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂತ ಒಂದು ನೋಟಕ್ಕೆ ಹೇಳುತ್ತೀರಿ. ಆ ಕೈ, ಆ ಕಣ್ಣು ನಿಮಗೆ ಇದ್ದೇ ಇದೆ. ವಾರಕ್ಕೊಮ್ಮೆ ಹೊಲದಲ್ಲಿ ಕೂತಾಗ ನಾಯಿಯ ತುಟಿಯನ್ನೂ ಹಾಗೇ ಎತ್ತಿ.

ಪ್ರಶ್ನೆ: ನನ್ನ ಬೆಕ್ಕು ಚಿನ್ನಿ ತಟ್ಟೆ ಹತ್ತಿರ ಬರುತ್ತಾಳೆ, ಒಂದು ತುತ್ತು ಬಾಯಿಗಿಟ್ಟು ಚೀರಿ ಓಡುತ್ತಾಳೆ. ಜೊಲ್ಲು ಬರುತ್ತದೆ. ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿದ್ದಾಳೆ. ಅರ್ಧ ಪ್ಯಾರಾಸಿಟಮಾಲ್ ಕೊಡಲಾ? ಇಲ್ಲಾ ಲವಂಗದ ಎಣ್ಣೆ ಹಚ್ಚಲಾ? (ಕಾಲೇಜು ವಿದ್ಯಾರ್ಥಿನಿ, ಬೀದರ್)

ಉತ್ತರ: ಬೇಡ ತಂಗಿ. ಎರಡೂ ಬೇಡ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ನಾವು ನುಂಗುವ ಒಂದು ಮಾತ್ರೆ, ಅದಕ್ಕಿಂತ ಕಡಿಮೆಯೂ ಸಾಕು. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ರಕ್ತ ಉಸಿರನ್ನು ಹೊರಲಾರದೆ ಹೋಗುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಬಾಯುತ್ತವೆ. ಪ್ರೀತಿಯಿಂದ ಕೊಟ್ಟು ಬೆಕ್ಕನ್ನು ಕಳೆದುಕೊಂಡವರು ನನ್ನ ಮುಂದೆ ಅತ್ತಿದ್ದಾರೆ. ಮನೆಯಲ್ಲಿ ಯಾರಾದರೂ ಆಗಲೇ ಕೊಟ್ಟಿದ್ದರೆ ಈ ಪತ್ರಿಕೆ ಕೆಳಗಿಟ್ಟು ಬೆಕ್ಕನ್ನು ಆಸ್ಪತ್ರೆಗೆ ಒಯ್ಯಿ. ಲವಂಗದ ಎಣ್ಣೆಯೂ ಬೆಕ್ಕಿಗೆ ವಿಷವೇ. ನಾಯಿಗೂ ನಮ್ಮ ನೋವಿನ ಮಾತ್ರೆ ಬೇಡ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ.

ಚಿನ್ನಿಗೆ ಹಸಿವಿದೆ, ಬಾಯಿ ಬಿಡುತ್ತಿಲ್ಲ. ಇಂಥ ಬೆಕ್ಕುಗಳಲ್ಲಿ ಹೆಚ್ಚಾಗಿ ಎರಡು ಕಾರಣ ಕಾಣುತ್ತೇವೆ. ಒಂದು, ಹಲ್ಲು ತನ್ನನ್ನು ತಾನೇ ತಿಂದುಕೊಳ್ಳುವ ರೋಗ. ಒಸಡಿನ ಅಂಚಿನಲ್ಲಿ ಹಲ್ಲು ಕರಗಿ ಗುಳಿ ಬೀಳುತ್ತದೆ. ಹೊರಗಿನಿಂದ ಸಣ್ಣ ಕೆಂಪು ಚುಕ್ಕೆಯಷ್ಟೇ ಕಾಣುತ್ತದೆ. ಅಲ್ಲಿ ಮುಟ್ಟಿದರೆ ದವಡೆ ಗಡಗಡ ನಡುಗುತ್ತದೆ. ಇನ್ನೊಂದು, ಬಾಯಿಯ ಒಳಗೆಲ್ಲ, ಗಂಟಲಿನ ಹತ್ತಿರದ ತನಕ ಬೆಂಕಿಯಂತೆ ಕೆಂಪಾಗುವ ಉರಿ. ಮೊದಲನೆಯದಕ್ಕೆ ಆ ಹಲ್ಲನ್ನು ತೆಗೆಯಬೇಕು. ಎರಡನೆಯದಕ್ಕೆ ಕೆಲವು ಸಲ ದವಡೆ ಹಲ್ಲು ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಗೊತ್ತು. ಆದರೆ ಹಲ್ಲಿಲ್ಲದ ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಮೈ ತುಂಬಿಕೊಳ್ಳುತ್ತದೆ. ನೋಯುವ ಹಲ್ಲಿಟ್ಟುಕೊಂಡ ಬೆಕ್ಕು ಉಪವಾಸ ಬೀಳುತ್ತದೆ. ಚಿನ್ನಿಗೆ ವಯಸ್ಸಾಗಿದ್ದರೆ ಕಿಡ್ನಿಯ ರಕ್ತಪರೀಕ್ಷೆಯನ್ನೂ ಮಾಡಿಸು. ಕಿಡ್ನಿ ಸೋತರೂ ಬಾಯಲ್ಲಿ ಹುಣ್ಣಾಗುತ್ತದೆ. ನೀನು ಬೀದರಿನಲ್ಲೇ ಇದ್ದೀ. ಕಾಲೇಜಿನ ಆಸ್ಪತ್ರೆ ಹತ್ತಿರ. ಬೆಕ್ಕು ಎರಡು ದಿನ ಪೂರ್ತಿ ಊಟ ಬಿಟ್ಟರೆ ಲಿವರಿಗೆ ಕುತ್ತು, ಅದಕ್ಕೇ ನಾಳೆ ಬೆಳಿಗ್ಗೆಯೇ ಹೋಗು.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ. ನಾಯಿಯ ಹಲ್ಲಿನ ಗಾರೆಗೂ ಇದೇ ಕಾರಣವಾ? ಹಲ್ಲು ಕಂದು ಬಣ್ಣ, ಅಲ್ಲಲ್ಲಿ ಗುಳಿ ಇವೆ. (ಶಿಕ್ಷಕರು, ಯಾದಗಿರಿ)

ಉತ್ತರ: ಗಾರೆಯ ಸುಣ್ಣ ಜೊಲ್ಲಿನಿಂದ ಬರುತ್ತದೆ, ಕುಡಿಯುವ ನೀರಿನಿಂದಲ್ಲ. ನೀರಿನ ಮೇಲೆ ತಪ್ಪು ಹೊರಿಸಿ ಉಜ್ಜುವುದು ಬಿಡಬೇಡಿ. ಆದರೆ ಗುಳಿಯ ವಿಷಯ ಬೇರೆ. ನಮ್ಮ ಭಾಗದ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲಿನಲ್ಲಿ ನೀವೇ ನೋಡಿರುತ್ತೀರಿ. ಹಲ್ಲು ಒಳಗೆ ಮೂಡುವ ಕಾಲದಲ್ಲಿ ಅಂಥ ನೀರು ಕುಡಿದ ಮರಿಗೂ ಕಲೆಯಾಗಬಹುದು. ಮರಿಯಿದ್ದಾಗ ಡಿಸ್ಟೆಂಪರ್ ಅನ್ನುವ ವೈರಸ್ ರೋಗ ಬಂದು ಬದುಕಿದ ನಾಯಿಗೂ ಹಲ್ಲಿನ ಹೊರಕವಚ ಸರಿಯಾಗಿ ಕಟ್ಟದೆ ಹೀಗೇ ಗುಳಿ ಬೀಳುತ್ತದೆ. ಬೀದಿಯಿಂದ ತಂದ ಮರಿಯಾಗಿದ್ದರೆ ನನಗೆ ಎರಡನೆಯದರ ಮೇಲೇ ಅನುಮಾನ. ಕಲೆ ಹೋಗುವುದಿಲ್ಲ. ಒರಟು ಹಲ್ಲಿಗೆ ಗಾರೆ ಬೇಗ ಕಟ್ಟುತ್ತದೆ, ಅದಕ್ಕೇ ನೀವು ಬೇರೆಯವರಿಗಿಂತ ಹೆಚ್ಚು ಉಜ್ಜಬೇಕು.

ಪ್ರಶ್ನೆ: ನಾಯಿಗೆ ಹತ್ತು ವರ್ಷ. ಮತ್ತಿನ ಇಂಜೆಕ್ಷನ್ ಕೊಟ್ಟರೆ ಏಳದಿದ್ದರೆ ಅಂತ ಭಯ. ಸ್ನಾನ ಮಾಡಿಸುವ ಅಂಗಡಿಯವರು ಮತ್ತಿಲ್ಲದೆಯೇ ಹಲ್ಲು ಕೆರೆದು ಕೊಡುತ್ತೇವೆ ಅಂತಾರೆ. (ನಿವೃತ್ತರು, ಕಲಬುರಗಿ)

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ ಸರ್. ಆದರೆ ಕೆರೆದರೆ ಕಣ್ಣಿಗೆ ಕಾಣುವ ಗಾರೆ ಮಾತ್ರ ಹೋಗುತ್ತದೆ. ರೋಗ ಇರುವುದು ಒಸಡಿನ ಕೆಳಗೆ. ಎಚ್ಚರವಿರುವ ಯಾವ ನಾಯಿಯೂ ಅಲ್ಲಿಗೆ ಉಪಕರಣ ಹಾಕಲು ಬಿಡುವುದಿಲ್ಲ. ಹಲ್ಲು ಬೆಳ್ಳಗೆ ಕಂಡು ನೀವು ನಿಶ್ಚಿಂತರಾಗುತ್ತೀರಿ, ಒಳಗೆ ಅದು ಬೆಳೆಯುತ್ತಲೇ ಇರುತ್ತದೆ. ಕೆರೆದ ಮೇಲೆ ಪಾಲಿಶ್ ಮಾಡದಿದ್ದರೆ ಒರಟಾದ ಹಲ್ಲಿಗೆ ಗಾರೆ ಮತ್ತೆ ಬೇಗ ಹಿಡಿಯುತ್ತದೆ.

ಮತ್ತಿಗೆ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅದನ್ನು ಕಡಿಮೆ ಮಾಡಬಹುದು. ಮೊದಲು ಕಿಡ್ನಿ, ಲಿವರಿನ ರಕ್ತಪರೀಕ್ಷೆ. ಹೃದಯದ ದನಿ ಕೇಳಿಸಿ. ಉಸಿರಿನ ನಳಿಗೆ ಕೊಳವೆ ಹಾಕುತ್ತೀರಾ, ಸಲೈನ್ ಹಚ್ಚುತ್ತೀರಾ, ಏಳುವ ತನಕ ಪಕ್ಕದಲ್ಲಿ ಯಾರಿರುತ್ತಾರೆ, ಈ ಮೂರನ್ನು ವೈದ್ಯರಲ್ಲಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ನನ್ನನ್ನು ಕೇಳಿದರೆ ನನಗೆ ಸಂತೋಷವಾಗುತ್ತದೆ. ಹತ್ತು ವರ್ಷ ಅನ್ನುವುದು ಒಂದು ರೋಗವಲ್ಲ. ಒಂದೇ ಕಡೆಯಿಂದ ರಕ್ತ ಬರುತ್ತಿದ್ದರೆ, ಒಸಡಿನ ಮೇಲೆ ಗಂಟು ಕಂಡರೆ ಮಾತ್ರ ತಡ ಮಾಡಬೇಡಿ. ವಯಸ್ಸಾದ ನಾಯಿಯ ಬಾಯಲ್ಲಿ ಗಡ್ಡೆಯೂ ಆಗುತ್ತದೆ.

ಪ್ರಶ್ನೆ: ನಮ್ಮ ಟಾಮಿ ನಾಲ್ಕೂವರೆ ತಿಂಗಳ ಮರಿ. ಚಾಪೆ ಮೇಲೆ ಅವನ ಹಲ್ಲು ಬಿದ್ದಿತ್ತು. ಅಮ್ಮ ಚಪ್ಪಲಿ ಕಡಿದು ಮುರಿದುಕೊಂಡಿದ್ದಾನೆ ಅಂತ ಬೈದಳು. ಮತ್ತೆ ಬರುತ್ತದಾ? (ಆರನೇ ತರಗತಿ, ಜೇವರ್ಗಿ)

ಉತ್ತರ: ಬರುತ್ತದೆ ಪುಟ್ಟಾ. ನಿನ್ನ ಹಾಗೆಯೇ ಟಾಮಿಗೂ ಹಾಲುಹಲ್ಲು ಬೀಳುತ್ತವೆ. ಮರಿಗೆ 28 ಹಾಲುಹಲ್ಲು. ಅವು ಬಿದ್ದು ಏಳು ತಿಂಗಳಾಗುವ ಹೊತ್ತಿಗೆ 42 ಗಟ್ಟಿ ಹಲ್ಲು ಬರುತ್ತವೆ. ಬೆಕ್ಕಿನ ಮರಿಗೆ 26, ದೊಡ್ಡದಾದ ಮೇಲೆ 30. ಹೆಚ್ಚಿನ ಹಾಲುಹಲ್ಲನ್ನು ಮರಿ ನುಂಗಿಬಿಡುತ್ತದೆ. ನಿನಗೆ ಒಂದು ಸಿಕ್ಕಿದೆ, ಬೆಂಕಿಪೊಟ್ಟಣದಲ್ಲಿ ಇಟ್ಟುಕೋ. ಈಗ ಅವನ ಒಸಡು ನವೆಯಾಗುತ್ತದೆ, ಅದಕ್ಕೇ ಚಪ್ಪಲಿ ಕಡಿಯುತ್ತಾನೆ. ಹಳೆ ಬಟ್ಟೆಯನ್ನು ಗಟ್ಟಿ ಗಂಟು ಹಾಕಿ, ತೋಯಿಸಿ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಕೊಡು. ಕಡಿಯುವಾಗ ನೀನು ಹತ್ತಿರವೇ ಇರು, ಬಟ್ಟೆ ನುಂಗಬಾರದು. ಅಮ್ಮನಿಗೆ ಈ ಉತ್ತರ ಓದಿ ಹೇಳು.

ಇನ್ನೊಂದು ಕೆಲಸ ನಿನಗೆ. ಟಾಮಿಗೆ ಏಳು ತಿಂಗಳಾದಾಗ ಅಮ್ಮನನ್ನೂ ಕೂರಿಸಿಕೊಂಡು ಅವನ ತುಟಿ ಮೆಲ್ಲಗೆ ಎತ್ತಿ ನೋಡು. ಉದ್ದನೆಯ ಕೋರೆಹಲ್ಲಿನ ಪಕ್ಕದಲ್ಲಿ ಸಣ್ಣ, ಚೂಪು ಹಾಲುಹಲ್ಲು ಇನ್ನೂ ನಿಂತಿದ್ದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಅದನ್ನು ತೆಗೆಯದಿದ್ದರೆ ಹೊಸ ಹಲ್ಲು ಸೊಟ್ಟಗೆ ಬರುತ್ತದೆ. ಏನು ಕಂಡಿತು ಅಂತ ನನಗೆ ಬರೆ. ಟಾಮಿ ಸುಮ್ಮನೆ ನಿಂತರೆ ಒಂದು ಫೋಟೋವನ್ನೂ ಕಳಿಸು.